ರಹದಾರಿಯಿಂದ ಪಾಸ್‌ಪೋರ್ಟಿನವರೆಗೆ: ಮಲಪ್ರಭೆಯ ಸೀಮೆಯಲ್ಲಿ ಗಡಿ ಮತ್ತು ಚೀಟಿ

೧

‘ರಹದಾರಿ’ ಎಂಬ ಶಬ್ದ ಕನ್ನಡಕ್ಕೆ ಪಾರಸಿಯಿಂದ ಬಂದುದು. ‘ರಾಹ’ ಎಂದರೆ ದಾರಿ. ದಾರಿಯ ಕಾವಲು, ಆ ಕಾವಲಿನವರು ವಸೂಲು ಮಾಡುವ ಸುಂಕ, ಸುಂಕ ಕೊಟ್ಟವರಿಗೆ ದೊರೆಯುವ ಚೀಟಿ ಈ ಮೂರೂ ಅರ್ಥಗಳನ್ನು ಆ ಒಂದೇ ಶಬ್ದ ಹೊತ್ತುಕೊಂಡಿದೆ. ಪರದೇಶಕ್ಕೆ ಹೋಗುವವರ ಪಾಸ್‌ಪೋರ್ಟಿಗೂ ಕನ್ನಡದಲ್ಲಿ ಇದೇ ಹಳೆಯ ಹೆಸರು ಸಂದಿತು. ಆದರೆ ಶಬ್ದ ಒಂದೇ ಆದರೂ ಅದರ ಹಿಂದಿನ ವ್ಯವಸ್ಥೆ ಒಂದೇ ಅಲ್ಲ. ಹಳೆಯ ರಹದಾರಿ ಎತ್ತಿನ ಬೆನ್ನ ಮೇಲಿನ ಹೇರನ್ನು ನೋಡುತ್ತಿತ್ತು. ಹೊಸ ರಹದಾರಿ ಮನುಷ್ಯನ ಹುಟ್ಟನ್ನು ನೋಡುತ್ತದೆ. ‘ಏನು ಹೊತ್ತಿದ್ದೀ’ ಎಂಬ ನಾಕೆಯ ಪ್ರಶ್ನೆ ‘ಯಾರ ಮಗ’ ಎಂಬ ಕಚೇರಿಯ ಪ್ರಶ್ನೆಯಾಗಿ ಬದಲಾದ ಬಗೆಯನ್ನು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪರಿಸರವನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಸರವನ್ನು ಆಯ್ದುಕೊಳ್ಳಲು ಕಾರಣವಿದೆ. ಸಹ್ಯಾದ್ರಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹರಿಯುವ ಈ ಬಯಲು ಬಹಳ ಕಾಲ ಹಲವು ಆಳ್ವಿಕೆಗಳ ಅಂಚಿನಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲವು ಸಂಪಗಾವಿ ತಾಲೂಕಿನ ಮುಖ್ಯ ಸ್ಥಳ, ಸವದತ್ತಿಯು ಪರಸಗಡ ತಾಲೂಕಿನ ಮುಖ್ಯ ಸ್ಥಳ. ಇವೆರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅವುಗಳ ಪೂರ್ವಕ್ಕೆ ಭಾವೆ ಮನೆತನದ ರಾಮದುರ್ಗ ಸಂಸ್ಥಾನ, ಉತ್ತರಕ್ಕೆ ಕೊಲ್ಲಾಪುರ, ಸಾಂಗಲಿ ಮೊದಲಾದ ಸಂಸ್ಥಾನಗಳ ಚೆದುರಿದ ಹಳ್ಳಿಗಳು, ಪಶ್ಚಿಮಕ್ಕೆ ಘಟ್ಟ ಇಳಿದರೆ ಪೋರ್ತುಗೀಜರ ಗೋವೆ. ಇಲ್ಲಿಯ ಇತಿಹಾಸವೆಂದರೆ ಕಿತ್ತೂರಿನ ರಣರಂಗ, ನಂದಗಡದ ಗಲ್ಲು ಎಂಬಷ್ಟಕ್ಕೆ ನಮ್ಮ ಬರಹಗಳು ನಿಂತುಬಿಡುವುದುಂಟು. ಆ ವೀರಗಾಥೆಗಳ ಮಹತ್ವ ನಿರ್ವಿವಾದ. ಆದರೆ ಅವುಗಳ ಆಚೆಗೆ, ಸಂತೆಗೆ, ಜಾತ್ರೆಗೆ, ಕೂಲಿಗೆ ಎಂದು ಗಡಿ ದಾಟುತ್ತಿದ್ದ ಸಾಮಾನ್ಯರು ಯಾರ ಮುಂದೆ ನಿಲ್ಲಬೇಕಾಯಿತು, ಏನನ್ನು ತೋರಿಸಬೇಕಾಯಿತು ಎಂಬುದರ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ.

ಜನಪದರ ಗಡಿಯ ಕಲ್ಪನೆಯನ್ನು ಮೊದಲು ಗುರುತಿಸಿಕೊಳ್ಳುವುದು ಅಗತ್ಯ. ಈ ಭಾಗದ ಹಳ್ಳಿಗಳಿಗೆ ಅಗಸಿಯೇ ಹೆಬ್ಬಾಗಿಲು. ಬೀಗರಾಗಲಿ, ಭಿಕ್ಷುಕರಾಗಲಿ, ಸತ್ತವರ ಸುದ್ದಿಯಾಗಲಿ ಅಗಸಿಯ ಮೂಲಕವೇ ಊರೊಳಗೆ ಬರಬೇಕು. ಊರ ಸೀಮೆ ಅಗಸಿಗಿಂತ ಆಚೆ, ಹೊಲಗಳ ಕೊನೆಯಲ್ಲಿದೆ. ದ್ಯಾಮವ್ವ, ದುರಗವ್ವರ ಜಾತ್ರೆಗಳಲ್ಲಿ ಆ ಸೀಮೆಯ ಸುತ್ತ ರಾತ್ರಿ ಚರಗ ಚೆಲ್ಲುತ್ತಾರೆ. ನೆರೆಯೂರಿನವರು ನುಸುಳಿ ಚರಗವನ್ನು ಒಯ್ದರೆ ಊರ ಹುಲುಸು ಅವರ ಪಾಲಾಗುತ್ತದೆ ಎಂಬ ನಂಬಿಕೆಯಿಂದ ಆಳುಗಳು ಕಾವಲು ನಿಲ್ಲುತ್ತಾರೆ. ಇಲ್ಲಿ ಗಡಿಯ ಕಾವಲು ಇರುವುದು ಬೆಳೆಗಾಗಿ, ಅದೂ ಒಂದು ರಾತ್ರಿಯ ಮಟ್ಟಿಗೆ. ಮರುದಿನ ಅದೇ ನೆರೆಯೂರಿನವರು ಜಾತ್ರೆಯ ಊಟಕ್ಕೆ ಬೀಗರಾಗಿ ಬರುತ್ತಾರೆ. ಪ್ರಭುತ್ವದ ಗಡಿ ಇದಕ್ಕಿಂತ ತೀರ ಭಿನ್ನವಾದದ್ದು.

೨

ಸವದತ್ತಿ ರಟ್ಟರ ನೆಲೆ. ಶಾಸನಗಳ ‘ಸುಗಂಧವರ್ತಿ’ಯೇ ಇಂದಿನ ಸವದತ್ತಿ. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ, ೧೨೦೪ರ ಬೆಳಗಾವಿ ಶಾಸನದಲ್ಲಿ ಲಾಳ ದೇಶದ ವರ್ತಕರೂ ಮಲೆಯಾಳ ವರ್ತಕರೂ ಸ್ಥಳೀಯ ವರ್ತಕರೊಡನೆ ಸೇರಿ ಸರಕಿನ ಮೇಲಿನ ಆಯವನ್ನು ಬಸದಿಗೆ ಬಿಟ್ಟುಕೊಟ್ಟ ಉಲ್ಲೇಖವಿದೆ. ಗುಜರಾತ, ಕೇರಳಗಳಿಂದ ಬಂದವರು ಇಲ್ಲಿಯ ಸಂತೆಯ ಸಭೆಯಲ್ಲಿ ಕುಳಿತು ಸುಂಕ ಗೊತ್ತುಮಾಡುವಷ್ಟು ಒಳಗಿನವರಾಗಿದ್ದರು ಎಂಬುದು ಗಮನಾರ್ಹ. ಶಾಸನ ಲೆಕ್ಕ ಹಾಕುವುದು ಸರಕನ್ನು, ತಂದವನ ಕುಲವನ್ನಲ್ಲ.

ಮುಂದಿನ ಕಾಲದ ಆಳುವವರಂತೂ ತಾವೇ ವಲಸೆ ಬಂದವರು. ಕಿತ್ತೂರು ಸಂಸ್ಥಾನದ ಮೂಲಪುರುಷರಾದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಸಹೋದರರು ಮಲೆನಾಡಿನ ಸಾಗರದ ಕಡೆಯಿಂದ ವಿಜಯಪುರದ ಸೈನ್ಯದೊಂದಿಗೆ ಬಂದು, ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಸಂಪಗಾವಿಯ ಸೀಮೆಯಲ್ಲಿ ನೆಲೆನಿಂತರೆಂದು ಸಂಸ್ಥಾನದ ಇತಿಹಾಸ ಹೇಳುತ್ತದೆ. ನರಗುಂದ ಮತ್ತು ರಾಮದುರ್ಗಗಳನ್ನು ಆಳಿದ ಭಾವೆಯವರು ಕೊಂಕಣ ಮೂಲದ ಚಿತ್ಪಾವನರು. ಇವರಿಗೆ ಬೇಕಾಗಿದ್ದ ಕಾಗದವೆಂದರೆ ಸನದು. ಅದು ಕತ್ತಿಯ ಬಲದಿಂದ, ಇಲ್ಲವೆ ಕಾಣಿಕೆಯ ಬಲದಿಂದ ದೊರೆಯುತ್ತಿತ್ತು. ೧೮೦೯ರಲ್ಲಿ ಮಲ್ಲಸರ್ಜ ದೇಸಾಯಿ ಪೇಶ್ವೆ ಎರಡನೆಯ ಬಾಜೀರಾಯನಿಗೆ ವರ್ಷಕ್ಕೆ ೧,೭೫,೦೦೦ ರೂಪಾಯಿ ಕೊಡಲು ಒಪ್ಪಿ ತನ್ನ ಸೀಮೆಯನ್ನು ಉಳಿಸಿಕೊಂಡ. ಆ ಹಣ ಬರುತ್ತಿದ್ದುದು ಭೂಮಿಯ ಕಂದಾಯದಿಂದ ಮತ್ತು ದಾರಿಯ ಜಕಾತಿಯಿಂದ. ಘಟ್ಟದ ಮೇಲಿನ ಹತ್ತಿ, ಜೋಳ, ಬೆಲ್ಲ ಕೆಳಗಿಳಿಯುತ್ತಿದ್ದವು. ಕರಾವಳಿಯ ಉಪ್ಪು, ತೆಂಗು, ಒಣಮೀನು ಮೇಲೇರುತ್ತಿದ್ದವು. ಸೀಮೆ ಬದಲಾದಲ್ಲೆಲ್ಲ ನಾಕೆ, ನಾಕೆಯಲ್ಲೆಲ್ಲ ಹೇರಿನ ಎಣಿಕೆ. ಲಮಾಣಿಗರ ತಾಂಡೆಗಳು, ಕೊರವರ ಹೇರೆತ್ತುಗಳ ಸಾಲುಗಳು ಈ ನಾಕೆಗಳಿಗೆ ಬೇಕಾದವರಾಗಿದ್ದರು. ಅವರು ಬಾರದಿದ್ದರೆ ದೇಸಾಯಿಯ ಬೊಕ್ಕಸ ಬರಿದು. ಈ ಮಾತನ್ನು ಮುಂದೆ ನೆನಪಿಡಬೇಕಾಗುತ್ತದೆ.

‘ಯಾರ ಮಗ’ ಎಂಬ ಪ್ರಶ್ನೆ ಮೊದಲು ಎದುರಾದದ್ದು ಅರಮನೆಗೆ. ೧೮೨೪ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತಕವಾಗಿ ಬಂದ ಶಿವಲಿಂಗಪ್ಪನನ್ನು ಉತ್ತರಾಧಿಕಾರಿಯೆಂದು ಒಪ್ಪಲು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆಗಿದ್ದ ಥ್ಯಾಕರೆ ನಿರಾಕರಿಸಿದ. ದತ್ತಕದ ಕಾಗದ ಯಾವಾಗ ಬರೆದದ್ದು, ಅದರ ಮೇಲಿನ ಸಹಿ ನಿಜವೇ ಎಂಬ ಸಂಶಯ ಅವನದು. ಅಕ್ಟೋಬರ್ ೨೩ರಂದು ಕೋಟೆಯ ಬಾಗಿಲು ತೆರೆಯಬೇಕೆಂದು ಗಡುವು ಕೊಟ್ಟ ಅವನು ಅದೇ ಬಾಗಿಲ ಮುಂದೆ ಮಡಿದ. ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕೊನೆಯುಸಿರೆಳೆದಳು. ಕಿತ್ತೂರಿನಲ್ಲಿ ಒತ್ತೆಯಾಳಾಗಿದ್ದ ತರುಣ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿದ ಮೊದಲಿಗರಲ್ಲಿ ಒಬ್ಬನಾದ ಎಂಬುದು ಇತಿಹಾಸದ ವಿಚಿತ್ರ.

ಸಂಗೊಳ್ಳಿ ರಾಯಣ್ಣನ ಬಂಡಾಯವನ್ನೂ ಈ ದೃಷ್ಟಿಯಿಂದ ನೋಡಬಹುದು. ೧೮೩೦ರ ಜನವರಿಯಲ್ಲಿ ಅವನ ಕಡೆಯವರು ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟರು. ಇನಾಮು ಭೂಮಿಗಳನ್ನು ಕಸಿದದ್ದು ಕತ್ತಿಯಲ್ಲ, ದಫ್ತರ ಎಂಬ ಅರಿವು ಅದರ ಹಿಂದಿತ್ತು. ಜೆ. ಎಫ್. ಫ್ಲೀಟ್ ೧೮೮೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ಲಾವಣಿಯೂ ಇದೆ. ರಾಯಣ್ಣನ ಶೌರ್ಯದ ಬಗ್ಗೆ ಬರೆದವರು ಅನೇಕರು. ಅವನು ಕಾಗದವನ್ನೇ ಗುರಿಯಾಗಿಸಿಕೊಂಡನೆಂಬುದನ್ನು ಎತ್ತಿ ಹೇಳಿದವರು ಕಡಿಮೆ.

ಇದೇ ದತ್ತಕದ ನಿರಾಕರಣೆ ನರಗುಂದದ ಬಾಬಾಸಾಹೇಬನನ್ನೂ ಬಂಡಾಯಕ್ಕೆ ನೂಕಿತು. ೧೮೫೮ರ ಮೇ ೨೯ರ ರಾತ್ರಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ ಹತನಾದದ್ದು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ನರಗುಂದವನ್ನು ಬ್ರಿಟಿಷ್ ಪ್ರಾಂತಕ್ಕೆ ಸೇರಿಸಿದರು. ಅವನ ಮಲಸಹೋದರನ ರಾಮದುರ್ಗ ಮಾತ್ರ ಉಳಿಯಿತು. ಹೀಗೆ ಒಂದೇ ಮನೆತನದ ಎರಡು ಸೀಮೆಗಳ ನಡುವೆ ಒಂದು ಹೊಸ ಗಡಿ ಹುಟ್ಟಿತು.

೩

ಸರಕಿನ ನಾಕೆಗಳು ಎತ್ತಿಹೋದದ್ದು ಬ್ರಿಟಿಷರ ಕಾಲದಲ್ಲಿಯೇ. ೧೮೩೮ರ ಒಂದನೆಯ ಕಾಯ್ದೆಯಿಂದ ಮುಂಬಯಿ ಪ್ರಾಂತದ ಒಳನಾಡಿನ ರಹದಾರಿ ಸುಂಕಗಳು ರದ್ದಾದವು. ಸಂಸ್ಥಾನಗಳು ತಮ್ಮ ಜಕಾತಿಯನ್ನು ಬಿಡಲು ಇನ್ನಷ್ಟು ಕಾಲ ಹಿಡಿಯಿತು. ವ್ಯಾಪಾರಕ್ಕೆ ಇದು ಬಿಡುಗಡೆಯೇ ಸರಿ. ಆದರೆ ಒಳಗಿನ ಗಡಿಗಳು ಸಡಿಲವಾದಂತೆ ಹೊರಗಿನ ಗಡಿ ಬಿಗಿಯಾಯಿತು. ಈ ಭಾಗಕ್ಕೆ ಹೊರಗಿನ ಗಡಿಯೆಂದರೆ ಗೋವೆ.

ಗೋವೆಯೊಂದಿಗಿನ ಸಂಬಂಧ ಎಷ್ಟು ಹಳೆಯದೆಂಬುದಕ್ಕೆ ಬೆಳಗಾವಿ ನಗರದ ‘ಗೋವಾವೇಸ’ ಎಂಬ ಸ್ಥಳನಾಮವೇ ಸಾಕ್ಷಿ. ವೇಸ ಎಂದರೆ ಅಗಸಿ. ಗೋವೆಯ ಉಪ್ಪು ಘಟ್ಟದ ದಾರಿಗಳಿಂದ ಬೆಳಗಾವಿ, ಧಾರವಾಡ ಸೀಮೆಗಳಿಗೆ ಬರುತ್ತಿತ್ತು. ಉಪ್ಪಿನ ಮೇಲಿನ ತೆರಿಗೆಯಿಂದ ದೊಡ್ಡ ಆದಾಯ ಪಡೆಯುತ್ತಿದ್ದ ಬ್ರಿಟಿಷ್ ಸರಕಾರಕ್ಕೆ ಇದು ಕಣ್ಣುಕಿಸರಾಗಿತ್ತು. ೧೮೭೮ರ ಡಿಸೆಂಬರಿನಲ್ಲಿ ಲಿಸ್ಬನ್ನಿನಲ್ಲಿ ಬ್ರಿಟನ್ ಮತ್ತು ಪೋರ್ತುಗಲ್ ನಡುವೆ ಒಪ್ಪಂದವಾಯಿತು. ಎರಡೂ ಸೀಮೆಗಳ ನಡುವಿನ ಸುಂಕದ ಕಟ್ಟೆಗಳನ್ನು ತೆಗೆಯುವುದು, ಬದಲಿಗೆ ಗೋವೆಯ ಉಪ್ಪಿನ ತಯಾರಿಕೆಯನ್ನು ಬ್ರಿಟಿಷರ ಹತೋಟಿಗೆ ಕೊಡುವುದು, ಅದಕ್ಕಾಗಿ ಗೋವೆಯ ಸರಕಾರಕ್ಕೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ ಸಲ್ಲಿಸುವುದು ಅದರ ಮುಖ್ಯ ಅಂಶಗಳು. ಗಡಿ ದಾಟಿ ತಲೆಮರೆಸಿಕೊಂಡವರನ್ನು ಪರಸ್ಪರ ಒಪ್ಪಿಸುವ ಕರಾರೂ ಅದೇ ಒಪ್ಪಂದದಲ್ಲಿತ್ತು. ಸರಕು ಬಿಡುಗಡೆಯಾದ ಕಾಗದದಲ್ಲಿಯೇ ಮನುಷ್ಯ ಸಿಕ್ಕಿಬಿದ್ದುದು ಇಲ್ಲಿ ಗಮನಿಸಬೇಕಾದ ಅಂಶ.

ಒಪ್ಪಂದದ ಫಲವಾಗಿ ಮರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಮೂಲಕ ಲೋಂಡಾ, ಹುಬ್ಬಳ್ಳಿಗಳಿಗೆ ೧೮೮೦ರ ದಶಕದ ಕೊನೆಗೆ ರೈಲು ಬಂದಿತು. ೧೮೯೨ರಲ್ಲಿ ಒಪ್ಪಂದದ ಅವಧಿ ಮುಗಿದು ಸುಂಕದ ಕಟ್ಟೆಗಳು ಮತ್ತೆ ಎದ್ದವು. ಆದರೆ ಅಷ್ಟರಲ್ಲಿ ಹೇರೆತ್ತಿನ ಕಾಲ ಮುಗಿದಿತ್ತು. ಬೈಲಹೊಂಗಲದ ಹತ್ತಿ ರೈಲು ಹತ್ತಿತು. ಉಪ್ಪು ಹೊತ್ತು ತಲೆಮಾರುಗಳಿಂದ ಘಟ್ಟ ಹತ್ತಿ ಇಳಿಯುತ್ತಿದ್ದವರು ಬರಿಗೈಯಾದರು.

ಉಪ್ಪಿನ ನೀತಿ ಮತ್ತು ರೈಲು ಸೇರಿ ಮದ್ರಾಸ್ ಪ್ರಾಂತದ ಕೊರಚ, ಕೊರವರ ಕಸುಬನ್ನು ಮುರಿದ ಬಗೆಯನ್ನೂ, ಕಸುಬು ಕಳೆದುಕೊಂಡು ಅಲೆಯುವವರು ಸರಕಾರದ ಕಣ್ಣಿಗೆ ‘ಅಪರಾಧಿ’ಗಳಾಗಿ ಕಂಡ ಬಗೆಯನ್ನೂ ಮೀನಾ ರಾಧಾಕೃಷ್ಣ ಅವರು ತಮ್ಮ ೨೦೦೧ರ ಅಧ್ಯಯನದಲ್ಲಿ ವಿವರವಾಗಿ ತೋರಿಸಿದ್ದಾರೆ. ಮಲಪ್ರಭೆಯ ಸೀಮೆಯಲ್ಲಿ ನಡೆದದ್ದೂ ಇದಕ್ಕಿಂತ ಬೇರೆಯಲ್ಲ ಎಂದು ಭಾವಿಸಲು ಆಧಾರವಿದೆ. ಅಪರಾಧಿ ಬುಡಕಟ್ಟುಗಳ ಕಾಯ್ದೆ ೧೮೭೧ರಲ್ಲಿ ಉತ್ತರ ಭಾರತದಲ್ಲಿ ಜಾರಿಗೆ ಬಂದಿತು; ೧೯೧೧ರ ಹೊಸ ಕಾಯ್ದೆ ಮುಂಬಯಿ ಪ್ರಾಂತವನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಕೊರವ-ಕೈಕಾಡಿಗಳು ಇದರ ಪಟ್ಟಿಗೆ ಸೇರಿದರು. ಒಂದು ಸಮುದಾಯವನ್ನು ಅಧಿಸೂಚನೆಯಿಂದ ಹೆಸರಿಸಿದರೆ ಸಾಕು, ಅದರಲ್ಲಿ ಹುಟ್ಟಿದವರನ್ನು ನೋಂದಾಯಿಸಿ ಬೆರಳಚ್ಚು ಪಡೆಯಬಹುದಿತ್ತು. ಕಳವು ಮಾಡಿರಬೇಕೆಂದೇನೂ ಇಲ್ಲ.

ಈ ಕಾಯ್ದೆಯಡಿಯ ‘ಪಾಸು’ ಪ್ರಸ್ತುತ ಚರ್ಚೆಗೆ ಅತ್ಯಂತ ಮುಖ್ಯವಾದದ್ದು. ನೋಂದಾಯಿತರು ಗೊತ್ತುಪಡಿಸಿದ ಎಲ್ಲೆಯನ್ನು ದಾಟಬೇಕಾದರೆ ಪಾಸು ಪಡೆಯಬೇಕು. ಹೋಗಬಹುದಾದ ಊರು ಯಾವುದು, ಅಲ್ಲಿ ಯಾರೆದುರು ಹಾಜರಾಗಬೇಕು, ಎಷ್ಟು ದಿನ ಇರಬಹುದು ಎಂಬ ಮೂರು ಸಂಗತಿಗಳನ್ನು ಪಾಸಿನಲ್ಲಿ ಷರತ್ತಾಗಿ ಸೇರಿಸಲು ಕಾಯ್ದೆ ಅವಕಾಶ ಕೊಟ್ಟಿತ್ತು. ಸ್ಥಳ, ಅಧಿಕಾರಿ, ಅವಧಿ. ಇಂದಿನ ವೀಸಾದ ಮೂಲ ಲಕ್ಷಣಗಳು ಇವೇ ಅಲ್ಲವೆ? ಭಾರತವನ್ನು ಪ್ರವೇಶಿಸುವವರಲ್ಲಿ ಪಾಸ್‌ಪೋರ್ಟು ಕೇಳುವ ಅಧಿಕಾರವನ್ನು ಕೊಟ್ಟ ಕಾಯ್ದೆ ಬಂದದ್ದು ೧೯೨೦ರಲ್ಲಿ, ಮೊದಲ ಮಹಾಯುದ್ಧದ ತುರ್ತು ನಿಯಮಗಳ ಬೆನ್ನಿಗೆ. ಅಂದರೆ ಸಮುದ್ರ ದಾಟಿ ಬರುವ ಪರದೇಶಿಗಿಂತ ಒಂಬತ್ತು ವರ್ಷ ಮೊದಲೇ, ಸವದತ್ತಿಯಿಂದ ಬೈಲಹೊಂಗಲಕ್ಕೆ ನಡೆದುಹೋಗುವ ಅಲೆಮಾರಿಗೆ ವೀಸಾದಂಥ ಕಾಗದ ಕಡ್ಡಾಯವಾಗುವ ಕಾನೂನು ಸಿದ್ಧವಾಗಿತ್ತು. ತನ್ನ 'ನೆಲದಲ್ಲಿಯೇ ಪರದೇಶಿ' ಎಂಬ ಮಾತು ಇವರ ಮಟ್ಟಿಗೆ ಅಲಂಕಾರವಲ್ಲ.

ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಇವರಿಗಾಗಿ ತಂತಿಬೇಲಿಯ ವಸತಿಗಳು ತಲೆಯೆತ್ತಿದವು. ಐ.ಸಿ.ಎಸ್. ಅಧಿಕಾರಿ ಸ್ಟಾರ್ಟ್ ಅವುಗಳ ಮುಖ್ಯ ರೂವಾರಿ. ಶಾಲೆ, ಗಿರಣಿಯ ಕೆಲಸ, ಶಿಸ್ತು ಎಂಬ ಸುಧಾರಣೆಯ ಭಾಷೆಯನ್ನು ಅವನು ಪ್ರಾಮಾಣಿಕವಾಗಿಯೇ ಆಡಿರಬಹುದು. ಆದರೆ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸುವ ಅಧಿಕಾರವೂ ಅದೇ ಕಾಯ್ದೆಯಲ್ಲಿತ್ತು ಎಂಬುದನ್ನು ಮರೆಯಲಾಗದು. ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. ‘ಹಾಜರಿ’ ಎಂಬ ಶಬ್ದ ಉಳಿದವರಿಗೆ ಶಾಲೆಯನ್ನು ನೆನಪಿಸಿದರೆ ಈ ಸಮುದಾಯಗಳಿಗೆ ಪೊಲೀಸ್ ಪಾಟೀಲನ ಕಟ್ಟೆಯನ್ನು ನೆನಪಿಸುತ್ತದೆ. ಕಾಯ್ದೆ ಮುಂಬಯಿ ಪ್ರಾಂತದಲ್ಲಿ ೧೯೪೯ರಲ್ಲಿ, ದೇಶದಾದ್ಯಂತ ೧೯೫೨ರ ಆಗಸ್ಟ್ ೩೧ರಂದು ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು.

೪

ರಾಮದುರ್ಗದ ಗಡಿಯ ಕಥೆ ಬೇರೆ ತೆರನಾದದ್ದು. ಸುಮಾರು ೧೬೯ ಚದರ ಮೈಲಿಯ ಈ ಪುಟ್ಟ ಸಂಸ್ಥಾನಕ್ಕೂ ಪರಸಗಡ ತಾಲೂಕಿಗೂ ನಡುವೆ ಭಾಷೆಯ ಗಡಿಯಿಲ್ಲ, ಬೀಗತನದ ಗಡಿಯಿಲ್ಲ, ಬೆಳೆಯ ಗಡಿಯಿಲ್ಲ. ಇದ್ದದ್ದು ಕಾನೂನಿನ ಗಡಿ. ಇಲ್ಲಿ ತಪ್ಪು ಮಾಡಿ ಅಲ್ಲಿಗೆ ಓಡಿದವನನ್ನು ಹಿಡಿದು ತರಲು ೧೯೦೩ರ ಹಸ್ತಾಂತರ ಕಾಯ್ದೆಯ ಪ್ರಕಾರ ಪೊಲಿಟಿಕಲ್ ಏಜಂಟನ ವಾರಂಟು ಬೇಕಿತ್ತು. ಆದ್ದರಿಂದ ಗಡಿ ಪ್ರಜೆಗಳಿಗೆ ಹೊರೆಯಾದಂತೆ ಆಸರೆಯೂ ಆಗಿತ್ತು. ಸಂಸ್ಥಾನದ ಹೆಚ್ಚಿನ ತೆರಿಗೆಗಳ ವಿರುದ್ಧ ರಾಮದುರ್ಗದ ಪ್ರಜಾಸಂಘ ನಡೆಸಿದ ಚಳವಳಿ ೧೯೩೯ರ ಏಪ್ರಿಲಿನಲ್ಲಿ ರಕ್ತಪಾತದಲ್ಲಿ ಕೊನೆಗೊಂಡು ಹಲವು ಪೊಲೀಸರು ಸತ್ತರು. ಗಾಂಧೀಜಿಯವರು ‘ಹರಿಜನ’ದಲ್ಲಿ ಆ ಹಿಂಸೆಯನ್ನು ಕುರಿತು ನೋವಿನಿಂದ ಬರೆದರು.

ಪರದೇಶಕ್ಕೆ ಹೊರಟಾಗ ಈ ಗಡಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಸವದತ್ತಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ರಾಮದುರ್ಗದಲ್ಲಿ ಹುಟ್ಟಿದವನು ಸಂಸ್ಥಾನದ ಪ್ರಜೆ, ಆದ್ದರಿಂದ ‘ಬ್ರಿಟಿಷ್ ರಕ್ಷಿತ ವ್ಯಕ್ತಿ’. ಒಂದೇ ಹೊಳೆಯ ನೀರು ಕುಡಿದ ಇಬ್ಬರ ಪಾಸ್‌ಪೋರ್ಟುಗಳಲ್ಲಿ ಎರಡು ಬಗೆಯ ರಾಷ್ಟ್ರೀಯತೆ ನಮೂದಾಗುತ್ತಿತ್ತು. ೧೯೪೮ರ ಮಾರ್ಚ್ ೮ರಂದು ರಾಮದುರ್ಗವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಈ ಭೇದ ಅಳಿಯಿತು.

ಗೋವೆಯ ಗಡಿ ಅಷ್ಟು ಸುಲಭವಾಗಿ ಅಳಿಯಲಿಲ್ಲ. ಸ್ವಾತಂತ್ರ್ಯಾನಂತರವೂ ಪೋರ್ತುಗಲ್ ಗೋವೆಯನ್ನು ಬಿಡಲೊಪ್ಪದಿದ್ದಾಗ ೧೯೫೪ರಲ್ಲಿ ಭಾರತ ಸರಕಾರವು ಗೋವೆಯಿಂದ ಬರುವವರ ಮೇಲೆ ವೀಸಾ ನಿರ್ಬಂಧ ಹೇರಿತು. ೧೯೫೫ರ ಆಗಸ್ಟ್ ೧೫ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದ ಮೇಲೆ ಗಡಿ ಮುಚ್ಚಿತು. ಕ್ಯಾಸಲ್‌ರಾಕ್ ದಾಟುತ್ತಿದ್ದ ರೈಲು ನಿಂತಿತು. ಸೆಪ್ಟೆಂಬರ್ ೧ರಂದು ಭಾರತವು ಗೋವೆಯಲ್ಲಿದ್ದ ತನ್ನ ಕಾನ್ಸುಲೇಟನ್ನು ಮುಚ್ಚಿತು. ಬೆಳಗಾವಿ ಈ ಹೋರಾಟದ ಮುಖ್ಯ ನೆಲೆ. ಪರವಾನಿಗೆಯಿಲ್ಲದೆ ಗಡಿ ದಾಟುವುದೇ ಸತ್ಯಾಗ್ರಹದ ಕ್ರಮ. ನರಗುಂದದಲ್ಲಿ ಹುಟ್ಟಿದ ಜಗನ್ನಾಥರಾವ್ ಜೋಶಿ ಹೀಗೆ ಗಡಿ ದಾಟಿ ಗೋವೆಯ ಸೆರೆಮನೆ ಕಂಡವರು. ಅವರಿಗೆ ಗಡಿ ದಾಟುವುದು ಪ್ರತಿಭಟನೆಯಾಗಿತ್ತು. ಗೋವೆಯಲ್ಲಿ ಬೀಗತನವಿದ್ದವರಿಗೆ, ಯಲ್ಲಮ್ಮನಿಗೆ ಹರಕೆ ಹೊತ್ತ ಗೋವೆಯ ಭಕ್ತರಿಗೆ ಅದು ಬದುಕಿನ ಅಗತ್ಯವಾಗಿತ್ತು. ಅವರ ಬಗ್ಗೆ ಹೋರಾಟದ ಚರಿತ್ರೆಗಳು ಮೌನವಾಗಿವೆ. ೧೯೬೧ರ ಡಿಸೆಂಬರಿನಲ್ಲಿ ಬೆಳಗಾವಿಯ ಕಡೆಯಿಂದ ಸೈನ್ಯ ಘಟ್ಟ ಇಳಿಯಿತು, ಎರಡು ದಿನಗಳಲ್ಲಿ ಗೋವೆ ಸ್ವತಂತ್ರವಾಯಿತು, ಗಡಿ ಬರಿಯ ಜಿಲ್ಲೆಯ ಅಂಚಾಯಿತು.

೫

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಗಡಿಯೆಂಬುದೇ ಇಲ್ಲ ಎನ್ನಬಹುದು. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರ, ಗೋವೆ, ಆಂಧ್ರ, ತೆಲಂಗಾಣಗಳಿಂದ ಲಕ್ಷಾಂತರ ಜನ ಬರುತ್ತಾರೆ. ಚೌಡಿಕೆ ಹಿಡಿದ ಜೋಗತಿಯರು ಕೊಡ ಹೊತ್ತು ಎರಡು ಭಾಷೆಗಳ ಸೀಮೆಯಲ್ಲಿ ಹಾಡುತ್ತ ತಿರುಗಿದ್ದಾರೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಾಗಲಿ, ೧೯೬೭ರ ಮಹಾಜನ ವರದಿಯ ಮೇಲಿನ ವಾದವಿವಾದಗಳಾಗಲಿ ಈ ತಿರುಗಾಟವನ್ನು ಕದಲಿಸಲಿಲ್ಲ. ಕದಲಿಸಿದ್ದು ರೋಗ. ೨೦೨೦ರ ಮಾರ್ಚಿನ ನಂತರ ಗುಡಿ ತಿಂಗಳುಗಟ್ಟಲೆ ಮುಚ್ಚಿತು, ರಾಜ್ಯದೊಳಗೆ ಬರಲು ‘ಸೇವಾಸಿಂಧು’ವಿನ ಪಾಸು ಬೇಕಾಯಿತು, ೨೦೨೧ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರು ಎಪ್ಪತ್ತೆರಡು ಗಂಟೆಯೊಳಗಿನ ಆರ್‌ಟಿಪಿಸಿಆರ್ ಪರೀಕ್ಷೆಯ ಚೀಟಿ ತೋರಿಸಬೇಕಾಯಿತು. ನಿಪ್ಪಾಣಿಯ ಹತ್ತಿರದ ಕೊಗನೊಳ್ಳಿಯ ತಪಾಸಣಾ ನಾಕೆಯಲ್ಲಿ ವಾಹನಗಳು ಸಾಲುಗಟ್ಟಿದವು. ೧೮೩೮ರಲ್ಲಿ ಎತ್ತಿಹೋಗಿದ್ದ ನಾಕೆಯ ನೆನಪು ಹೀಗೆ ಕೆಲಕಾಲ ಮರಳಿತು. ಈ ಸಲ ನಾಕೆಯವರು ನೋಡಿದ್ದು ಹೇರನ್ನಲ್ಲ, ಮನುಷ್ಯನ ಮೈಯನ್ನು.

ಪರದೇಶದ ದಾರಿಗೆ ಬೇಕಾದ ಕಾಗದದ ಕಥೆ ಇದಕ್ಕಿಂತ ಜಟಿಲವಾದದ್ದು. ಸ್ವತಂತ್ರ ಭಾರತದಲ್ಲಿಯೂ ಬಹಳ ಕಾಲ ಪಾಸ್‌ಪೋರ್ಟು ಸರಕಾರದ ಕೃಪೆಯಾಗಿತ್ತು. ೧೯೬೭ರ ಏಪ್ರಿಲಿನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರದೇಶ ಪ್ರವಾಸವು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಮೂವರು ನ್ಯಾಯಾಧೀಶರ ಬಹುಮತದಿಂದ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟು ಕಾಯ್ದೆ ಬಂದಿತು. ಕೃಪೆ ಹಕ್ಕಾಯಿತು. ಆದರೆ ಹಕ್ಕಿನ ಬಾಗಿಲಿಗೆ ಹೋಗುವ ದಾರಿ ದೂರವಿತ್ತು. ರಾಮದುರ್ಗದ ಅರ್ಜಿದಾರನ ಕಚೇರಿ ಇದ್ದುದು ಬೆಂಗಳೂರಿನಲ್ಲಿ. ಹುಬ್ಬಳ್ಳಿಯ ಪಾಸ್‌ಪೋರ್ಟು ಸೇವಾ ಕೇಂದ್ರವೂ, ೨೦೧೭ರಲ್ಲಿ ಮೈಸೂರಿನಿಂದ ಆರಂಭವಾದ ಅಂಚೆ ಕಚೇರಿಗಳ ಸೇವಾ ಕೇಂದ್ರಗಳ ಯೋಜನೆ ಮುಂದೆ ಬೆಳಗಾವಿಗೆ ತಲುಪಿದ್ದೂ ಆ ದೂರವನ್ನು ಕಡಿಮೆ ಮಾಡಿದವು. ದಾರಿ ಹತ್ತಿರವಾದರೂ ಪ್ರಶ್ನೆ ಮಾತ್ರ ಹತ್ತಿರವಾಗಲಿಲ್ಲ.

ಪ್ರಶ್ನೆ ತಂದೆಯ ಹೆಸರಿನದು. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಮಕ್ಕಳಿಗೆ ತಾಯಿಯ ಹೆಸರೇ ಹೆಸರು. ದೇವದಾಸಿ ಬಿಡುವುದನ್ನು ೧೯೩೪ರ ಮುಂಬಯಿ ಕಾಯ್ದೆ ನಿಷೇಧಿಸಿತು. ೧೯೮೨ರ ಕರ್ನಾಟಕ ಕಾಯ್ದೆ ಶಿಕ್ಷೆಯನ್ನು ಬಿಗಿಗೊಳಿಸಿತು. ಅನಿಷ್ಟ ಪದ್ಧತಿಯನ್ನು ತಡೆಯಲು ಕಾನೂನು ಬೇಕೇ ಬೇಕಾಗಿತ್ತು. ಆದರೆ ಪದ್ಧತಿಯನ್ನು ನಿಷೇಧಿಸಿದ ಪ್ರಭುತ್ವವೇ ಅದರಲ್ಲಿ ಹುಟ್ಟಿದ ಮಗುವಿನ ಅರ್ಜಿಯಲ್ಲಿ ತಂದೆಯ ಅಂಕಣವನ್ನು ಖಾಲಿ ಬಿಡಬಾರದೆಂದು ಪಟ್ಟುಹಿಡಿದದ್ದು ಕ್ರೂರವಾದ ವಿರೋಧಾಭಾಸ. ೨೦೧೬ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು ಒಬ್ಬ ತಾಯಿಯ ಅರ್ಜಿಯ ಮೇಲೆ, ಮಗಳ ಪಾಸ್‌ಪೋರ್ಟಿಗೆ ತಂದೆಯ ಹೆಸರನ್ನು ಒತ್ತಾಯಿಸುವಂತಿಲ್ಲ ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ನಿಯಮಗಳನ್ನು ಬದಲಿಸಿತು. ತಂದೆ, ತಾಯಿ, ಪೋಷಕರಲ್ಲಿ ಒಬ್ಬರ ಹೆಸರು ಸಾಕು. ೧೯೮೯ರ ಜನವರಿ ೨೬ರ ನಂತರ ಹುಟ್ಟಿದವರಿಗೂ ಜನನ ಪ್ರಮಾಣಪತ್ರವೇ ಆಗಬೇಕೆಂದಿಲ್ಲ. ಶಾಲೆಯ ದಾಖಲೆ, ಆಧಾರ್ ಮುಂತಾದವು ನಡೆಯುತ್ತವೆ. ಸಾಧು-ಸನ್ಯಾಸಿಗಳು ತಂದೆತಾಯಿಗಳ ಜಾಗದಲ್ಲಿ ಗುರುವಿನ ಹೆಸರು ಕೊಡಬಹುದು. ಜೋಗತಿಯರಿಗೂ ಗುರುಪರಂಪರೆಯಿದೆ ಎಂಬುದು ನಿಯಮ ಬರೆದವರ ಗಮನಕ್ಕೆ ಬಂದಂತಿಲ್ಲ.

ಆ ನಿಯಮಗಳಲ್ಲಿ ಹೆಚ್ಚು ಚರ್ಚೆಯಾಗದ ಇನ್ನೊಂದು ಅಂಶವಿದೆ. ದೇಶದೊಳಗೆ ದತ್ತಕ ಪಡೆದ ಮಗುವಿನ ಪಾಸ್‌ಪೋರ್ಟಿಗೆ ನೋಂದಾಯಿತ ದತ್ತಕಪತ್ರ ಇನ್ನು ಕಡ್ಡಾಯವಲ್ಲ. ಪತ್ರವಿಲ್ಲದಿದ್ದರೆ ಬಿಳಿಯ ಹಾಳೆಯ ಮೇಲೆ ದತ್ತಕವನ್ನು ದೃಢಪಡಿಸಿ ಬರೆದುಕೊಟ್ಟರೆ ಸಾಕು. ಥ್ಯಾಕರೆ ಶಿವಲಿಂಗಪ್ಪನ ದತ್ತಕದ ಕಾಗದವನ್ನು ಸಂಶಯಿಸಿ ಆಗ ೧೯೨ ವರ್ಷಗಳಾಗಿದ್ದವು.

ಈ ಸಡಿಲಿಕೆ ಎಲ್ಲ ಕಾಲಕ್ಕೂ ಅಲ್ಲ. ೨೦೨೫ರ ಫೆಬ್ರುವರಿಯ ತಿದ್ದುಪಡಿಯಂತೆ ೨೦೨೩ರ ಅಕ್ಟೋಬರ್ ೧ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ. ಸುಗ್ಗಿಯ ಕಬ್ಬಿನ ಕಡಿತಕ್ಕೆ ಹೋದಲ್ಲಿ, ಟೆಂಟಿನಲ್ಲಿ, ಜಾತ್ರೆಯ ದಾರಿಯಲ್ಲಿ ಹುಟ್ಟುವ ಮಗುವಿನ ಮಟ್ಟಿಗೆ ರಹದಾರಿಯ ನಾಕೆ ಈಗ ಪಾಸ್‌ಪೋರ್ಟು ಕಚೇರಿಯಲ್ಲಿಲ್ಲ, ಗ್ರಾಮದ ಜನನ-ಮರಣ ನೋಂದಣಿ ಪುಸ್ತಕದಲ್ಲಿದೆ. ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಆ ಪುಸ್ತಕಗಳು ಹೇಗೆ ತುಂಬುತ್ತಿವೆ, ಯಾರ ಹೆಸರು ಅವುಗಳಲ್ಲಿ ಬರುತ್ತಿಲ್ಲ ಎಂಬುದನ್ನೂ, ಅಲೆಮಾರಿ ಕುಟುಂಬಗಳಲ್ಲಿ ಹಳೆಯ ಪಾಸುಗಳು ಎಲ್ಲಿಯಾದರೂ ಉಳಿದಿದ್ದರೆ ಅವನ್ನೂ ಕ್ಷೇತ್ರಕಾರ್ಯದಲ್ಲಿ ತೊಡಗಿದವರು ಒಟ್ಟಿಗೆ ದಾಖಲಿಸಬೇಕಾಗಿದೆ. ಸಾವಿರ ಲಾವಣಿಗಳ ಸಂಗ್ರಹದ ಪಕ್ಕದಲ್ಲಿ ಇಡಬೇಕಾದ ಸಾಮಗ್ರಿ ಅದು.